ಮನೆ ಸಿಕ್ಕವರು ಎಲ್ಲದಕ್ಕೂ "ತುಂಬಾ ತೃಪ್ತಿ" ಅಂತ ಟಿಕ್ ಹಾಕಿದರೆ ಅದನ್ನು ನಂಬಬೇಕಾ?

ಸಿಡ್ನಿ_ಸುಮಾ ಬರೆದಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಾನು ಸಿಡ್ನಿಯ ಪಶ್ಚಿಮ ಭಾಗದಲ್ಲಿ ಒಂದು ಕಮ್ಯುನಿಟಿ ಹೌಸಿಂಗ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ಸರ್ಕಾರವೇ ನೇರವಾಗಿ ನಡೆಸುವ ಮನೆಗಳಲ್ಲ, ಖಾಸಗಿ ಮಾಲೀಕರದ್ದೂ ಅಲ್ಲ. ಲಾಭ ಇಟ್ಟುಕೊಳ್ಳದ ಸಂಸ್ಥೆಗಳು ಕಡಿಮೆ ಆದಾಯದವರಿಗೆ ಬಾಡಿಗೆಗೆ ಕೊಡುವ ಮನೆಗಳು. ನನ್ನ ಪಾಲಿಗೆ ಬಂದಿರುವ ಬಾಡಿಗೆದಾರರಲ್ಲಿ ಜಾಸ್ತಿ ಜನ ಮೊದಲು ಮನೆ ಇಲ್ಲದೆ ಇದ್ದವರು. ಪಾರ್ಕಿನಲ್ಲಿ, ಸ್ಟೇಷನ್ನಿನಲ್ಲಿ ಮಲಗಿದವರು, ಕಾರಿನಲ್ಲಿ ಇದ್ದವರು, ಇವತ್ತು ಒಬ್ಬ ಗೆಳೆಯನ ಸೋಫಾ, ನಾಳೆ ಇನ್ನೊಬ್ಬನದು ಅಂತ ವರ್ಷಗಟ್ಟಲೆ ತಿರುಗಿದವರು. 2021ರ ಜನಗಣತಿಯಲ್ಲಿ ಆಸ್ಟ್ರೇಲಿಯಾದಲ್ಲಿ ಮನೆ ಇಲ್ಲದವರು 1,22,494 ಜನ. ಅವರಲ್ಲಿ ಬೀದಿಯಲ್ಲಿ ಅಥವಾ ಟೆಂಟಿನಲ್ಲಿ ಇದ್ದವರು 7,636 ಮಾತ್ರ. ಉಳಿದವರು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ನಾವು ಬಾಡಿಗೆದಾರರಿಗೆ ಒಂದು ಸರ್ವೆ ಕೊಡುತ್ತೇವೆ. ಮನೆ ಹೇಗಿದೆ, ರಿಪೇರಿ ಹೇಗಿದೆ, ನಮ್ಮ ಸಿಬ್ಬಂದಿ ನಿಮ್ಮ ಮಾತು ಕೇಳುತ್ತಾರಾ, ಹೀಗೆ. "ತುಂಬಾ ಅತೃಪ್ತಿ"ಯಿಂದ "ತುಂಬಾ ತೃಪ್ತಿ"ವರೆಗೆ ಐದರಲ್ಲಿ ಒಂದಕ್ಕೆ ಟಿಕ್ ಹಾಕಬೇಕು. ಈ ಸಲವೂ ಒಳ್ಳೆಯ ಅಂಕ ಬಂತು. ಆಫೀಸಿನಲ್ಲಿ ಕೇಕ್ ಕತ್ತರಿಸಿದೆವು.

ಅದಾದ ಮಾರನೇ ವಾರ ಒಬ್ಬರ ಮನೆಗೆ ಹೋಗಿದ್ದೆ. ಅರವತ್ತು ದಾಟಿದ ಹೆಂಗಸು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಮನೆ ಸಿಗುವ ಮೊದಲು ಮೂರು ವರ್ಷ ಕಾರಿನಲ್ಲೇ ಇದ್ದರು. ಸರ್ವೆಯಲ್ಲಿ ಎಲ್ಲದಕ್ಕೂ "ತುಂಬಾ ತೃಪ್ತಿ" ಅಂತ ಹಾಕಿದ್ದರು, ರಿಪೇರಿಗೂ ಕೂಡ. ಟೀ ಕೊಟ್ಟರು. ಹೊರಡುವಾಗ ಕೈ ತೊಳೆಯಲು ಬಚ್ಚಲಿಗೆ ಹೋದೆ. ಬೇಸಿನ್ ಕೆಳಗೆ ಒಂದು ನೀಲಿ ಬಕೆಟ್, ಅದರ ಸುತ್ತ ಹಳೆಯ ಟವೆಲ್ಲು. ಪೈಪಿನಿಂದ ಒಂದೇ ಸಮ ನೀರು ತೊಟ್ಟಿಕ್ಕುತ್ತಿತ್ತು. ಕೇಳಿದರೆ ಏಪ್ರಿಲ್‌ನಿಂದ ಹೀಗೇ ಇದೆ ಅಂದರು. ನಾನು ಹೋಗಿದ್ದು ಸೆಪ್ಟೆಂಬರ್‌ನಲ್ಲಿ. ದಿನಕ್ಕೆ ನಾಲ್ಕು ಸಲ ಬಕೆಟ್ ಖಾಲಿ ಮಾಡುತ್ತಾರೆ, ರಾತ್ರಿ ಅಲಾರಂ ಇಟ್ಟುಕೊಂಡು ಒಂದು ಸಲ ಏಳುತ್ತಾರೆ. ಯಾಕೆ ಫೋನ್ ಮಾಡಲಿಲ್ಲ ಅಂದೆ. "ಮನೆ ಕೊಟ್ಟಿದ್ದೀರಿ, ಇದಕ್ಕೆಲ್ಲ ನಿಮಗೆ ತೊಂದರೆ ಕೊಡುವುದಾ" ಅಂದರು.

ಕಾರು ಕೆಳಗೇ ನಿಂತಿತ್ತು. ಹಿಂದಿನ ಸೀಟಿನಲ್ಲಿ ಮಡಚಿಟ್ಟ ಕಂಬಳಿ, ಸಣ್ಣ ಗ್ಯಾಸ್ ಸ್ಟೋವ್ ಇನ್ನೂ ಇದ್ದವು.

ಅವತ್ತಿನಿಂದ ಆ ಅಂಕದ ಮೇಲೆ ನನಗೆ ನಂಬಿಕೆ ಹೋಗಿದೆ. ಬೀದಿಯಿಂದ ಬಂದವರಿಗೆ "ನಿಮಗೆ ತೃಪ್ತಿ ಇದೆಯಾ" ಅಂತ ಕೇಳಿದರೆ ಅವರು ಯಾವುದಕ್ಕೆ ಉತ್ತರ ಕೊಡುತ್ತಿದ್ದಾರೆ? ಮನೆಗಾ, ಅಥವಾ ಮತ್ತೆ ಬೀದಿಗೆ ಹೋಗುವ ಭಯಕ್ಕಾ? ಈ ಕ್ಷೇತ್ರದಲ್ಲಿ ಇರುವವರು, ಅಥವಾ ಇಂಥ ಮನೆಯಲ್ಲಿ ಸ್ವತಃ ಇದ್ದವರು ಯಾರಾದರೂ ಇದ್ದರೆ ಹೇಳಿ. ಹೇಗೆ ಕೇಳಬೇಕು?

---

ಬ್ರಿಸ್ಬೇನ್_ಬಸವ:

ಸುಮಾ ಅವರೇ, ನಾನು ಅಂಕಿ ಅಂಶದ ಕಡೆಯವನು, ಸಾಮಾಜಿಕ ವಸತಿಯ ಡೇಟಾ ನೋಡುವುದೇ ನನ್ನ ಕೆಲಸ. ಆ ಬಕೆಟ್ ಓದಿ ಸಂಕಟ ಆಯಿತು. ಆದರೆ ಸರ್ವೆಯನ್ನು ಬಿಸಾಡಬೇಡಿ.

ಕಮ್ಯುನಿಟಿ ಹೌಸಿಂಗ್ ಸಂಸ್ಥೆಗಳ ಮೇಲೆ ಕಣ್ಣಿಡುವ, ನಿಮ್ಮ ರಾಜ್ಯ ಸೇರಿರುವ ರಾಷ್ಟ್ರೀಯ ನಿಯಂತ್ರಣ ವ್ಯವಸ್ಥೆ 2014ರಲ್ಲಿ ಶುರುವಾಯಿತು. ಅದರಲ್ಲಿ ಒಟ್ಟಾರೆ ತೃಪ್ತಿಗೆ 75% ಅನ್ನುವ ಗೆರೆ ಇದೆ. ಅದಕ್ಕಿಂತ ಕೆಳಗೆ ಹೋದರೆ ಸಂಸ್ಥೆ ಉತ್ತರ ಹೇಳಬೇಕಾಗುತ್ತದೆ. ಆ ಗೆರೆ ಇಲ್ಲದಿದ್ದರೆ ಎಷ್ಟೋ ಕಡೆ ಬಾಡಿಗೆದಾರರನ್ನು ಕೇಳುವ ಗೋಜಿಗೇ ಹೋಗುತ್ತಿರಲಿಲ್ಲ, ಇದನ್ನು ನಾನು ಖಂಡಿತವಾಗಿ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ 2023ರ ಏಪ್ರಿಲ್‌ನಿಂದ ಇಂಥ ವಸತಿ ಸಂಸ್ಥೆಗಳಿಗೆ 22 ಅಳತೆಗಳನ್ನು ಕಡ್ಡಾಯ ಮಾಡಿದ್ದಾರೆ. ಅದರಲ್ಲಿ 12 ಬಾಡಿಗೆದಾರರನ್ನೇ ಕೇಳಿ ಪಡೆಯುವಂಥವು. ದೂರು ಕೊಟ್ಟಾಗ ಸಂಸ್ಥೆ ಅದನ್ನು ಹೇಗೆ ನೋಡಿಕೊಂಡಿತು ಅನ್ನುವುದಕ್ಕೆ ಅಲ್ಲಿ ಬೇರೆಯೇ ಪ್ರಶ್ನೆ ಇದೆ.

ತಪ್ಪು ಇರುವುದು ಅಂಕವನ್ನು ಓದುವ ರೀತಿಯಲ್ಲಿ. ಒಟ್ಟು ಸರಾಸರಿ ನೋಡಿ ಕೇಕ್ ಕತ್ತರಿಸಬಾರದು. ಒಳಗೆ ಬಂದು ಆರು ತಿಂಗಳಾದವರನ್ನು ಬೇರೆ ಮಾಡಿ, ಮೂರು ವರ್ಷ ಆದವರನ್ನು ಬೇರೆ ಮಾಡಿ. ಹೊಸಬರ ಅಂಕ ಮೇಲೆ ಇರುತ್ತದೆ, ಹಳಬರದ್ದು ಇಳಿಯುತ್ತದೆ, ನಾನು ನೋಡಿದ ಮಟ್ಟಿಗೆ ಇದು ಪದೇ ಪದೇ ಕಾಣುತ್ತದೆ. ಮ್ಯಾನೇಜರ್‌ಗಳು ಸೇವೆ ಕೆಟ್ಟಿತು ಅಂದುಕೊಳ್ಳುತ್ತಾರೆ. ಅದೊಂದೇ ಕಾರಣ ಆಗಿರಬೇಕಿಲ್ಲ, ಅಲ್ವಾ? ಭಯ ಕಡಿಮೆ ಆಗಿ ನಿಜ ಹೇಳಲು ಶುರು ಮಾಡಿರಬಹುದು.

ಇನ್ನೊಂದು ದೊಡ್ಡ ತೂತು ಇದೆ. ಸರ್ವೆ ಹೋಗುವುದು ಒಳಗೆ ಇರುವವರಿಗೆ ಮಾತ್ರ. ಹನ್ನೊಂದನೇ ತಿಂಗಳಿಗೆ ಕೀ ಬಿಟ್ಟು ಹೋದವನು ಲೆಕ್ಕದಲ್ಲೇ ಇಲ್ಲ. ಅತಿ ಹೆಚ್ಚು ಅತೃಪ್ತಿ ಇದ್ದವನೇ ಅವನು ಅಲ್ವಾ? ಅವನನ್ನು ಯಾರು ಕೇಳಿದರು?

ನಮ್ಮೂರಿನ ಬ್ರಿಸ್ಬೇನ್ ಕಾಮನ್ ಗ್ರೌಂಡ್ ವಿಷಯ ಹೇಳುತ್ತೇನೆ. 2012ರಲ್ಲಿ ತೆರೆದ ಕಟ್ಟಡ, 146 ಮನೆ. ಬೀದಿಯಲ್ಲಿ ಬಹಳ ಕಾಲ ಇದ್ದವರೂ ಕಡಿಮೆ ಸಂಬಳದ ಕೆಲಸಗಾರರೂ ಒಂದೇ ಕಟ್ಟಡದಲ್ಲಿ ಇರುತ್ತಾರೆ. ಮುಂಬಾಗಿಲಲ್ಲಿ ದಿನದ 24 ಗಂಟೆಯೂ ಸಿಬ್ಬಂದಿ, ಸಹಾಯಕ್ಕೆ ಬೇಕಾದವರು ಕಟ್ಟಡದಲ್ಲೇ. ಅಲ್ಲಿಯ ಅಧ್ಯಯನದಲ್ಲಿ ಒಬ್ಬ ಬಾಡಿಗೆದಾರ ಮನೆಗೆ ಬರುವ ಹಿಂದಿನ ವರ್ಷ ಆಸ್ಪತ್ರೆ, ಪೊಲೀಸ್, ಕೋರ್ಟ್ ಅಂತ ಸರ್ಕಾರಕ್ಕೆ ಆಗುತ್ತಿದ್ದ ಖರ್ಚಿಗೂ ಬಂದ ನಂತರದ ಖರ್ಚಿಗೂ ಹೋಲಿಸಿದರು. ಮನೆಯ ಖರ್ಚು ಸೇರಿಸಿದ ಮೇಲೂ ತಲಾ ಸುಮಾರು 13,100 ಡಾಲರ್ ಉಳಿತಾಯ. ಮಂತ್ರಿಗಳ ಮುಂದೆ ಇಡಲು ಇದು ಒಳ್ಳೆಯ ಅಂಕಿ, ನಾನೂ ಇಟ್ಟಿದ್ದೇನೆ. ಆದರೆ ಮುಂಬಾಗಿಲ ಸಿಬ್ಬಂದಿ ಇದ್ದಾರಲ್ಲ, ಇಂಥ ಕಟ್ಟಡಗಳಲ್ಲಿ ಅವರ ಬಗ್ಗೆ ಕೇಳಿದರೆ ಒಬ್ಬರು "ಮೊದಲ ಸಲ ನಿದ್ದೆ ಬಂತು" ಅನ್ನುತ್ತಾರೆ, ಪಕ್ಕದ ಮನೆಯವರು "ನನ್ನ ತಮ್ಮ ಬಂದರೂ ಯಾರೋ ನೋಡುತ್ತಿರುತ್ತಾರೆ" ಅನ್ನುತ್ತಾರೆ. ಐದರಲ್ಲಿ ಒಂದು ಟಿಕ್ಕಿನಲ್ಲಿ ಈ ಎರಡು ಮಾತನ್ನೂ ಹೇಗೆ ಹಿಡಿಯುವುದು? ಅದಕ್ಕೆ ಕೂತು ಮಾತಾಡಲೇಬೇಕು.

---

ಕೋಲಾರದ_ಕೃಷ್ಣ:

ಒಂದು ಪ್ರಶ್ನೆ, ಯಾರೂ ಬೇಸರ ಮಾಡಿಕೊಳ್ಳಬೇಡಿ, ತಿಳಿದುಕೊಳ್ಳುವ ಆಸೆಯಿಂದಲೇ ಕೇಳುತ್ತಿದ್ದೇನೆ. ನಮ್ಮಲ್ಲಿ "ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ" ಅನ್ನುತ್ತಾರಲ್ಲ. ಬೀದಿಯಲ್ಲಿ ಇದ್ದವರಿಗೆ ಸೂರು ಸಿಕ್ಕಿದೆ. ನಮ್ಮ ಊರಿನಲ್ಲಿ ಬಾಡಿಗೆ ಕಟ್ಟಿಕೊಂಡು ಇರುವವರನ್ನು ಯಾವ ಮಾಲೀಕನೂ ತೃಪ್ತಿ ಇದೆಯಾ ಅಂತ ಕೇಳುವುದಿಲ್ಲ. ಇವರನ್ನು ಮಾತ್ರ ಯಾಕೆ ಕೇಳಬೇಕು?

---

ಹೆಸರು_ಬೇಡ:

ಕೃಷ್ಣ ಅವರೇ, ನಾನು ಇಂಥ ಮನೆಯಲ್ಲಿ ಇರುವವಳು. ಮೆಲ್ಬೋರ್ನ್. ನಾಲ್ಕು ವರ್ಷ ಆಯಿತು. ಈ ವೇದಿಕೆಯಲ್ಲಿ ಬಹಳ ದಿನದಿಂದ ಓದುತ್ತೇನೆ, ಬರೆಯುವುದು ಇದೇ ಮೊದಲು.

ಮೊದಲು ನಿಮ್ಮ ದಟ್ಟಿ ವಿಷಯ. ಇದು ಧರ್ಮಕ್ಕೆ ಕೊಟ್ಟಿದ್ದಲ್ಲ. ನಾನು ಬಾಡಿಗೆ ಕಟ್ಟುತ್ತೇನೆ. ಆದಾಯದ 25% ಬಾಡಿಗೆ, ಅದರ ಜೊತೆ ಬಾಡಿಗೆಗೆ ಅಂತ ಕೇಂದ್ರ ಸರ್ಕಾರ ಕೊಡುವ ನೆರವು ಪೂರ್ತಿ ಸಂಸ್ಥೆಗೇ ಹೋಗುತ್ತದೆ. ಎರಡು ವಾರಕ್ಕೊಮ್ಮೆ, ಒಂದು ದಿನ ತಡ ಮಾಡಿಲ್ಲ. ನನ್ನ ಹತ್ತಿರ ಸಹಿ ಹಾಕಿದ ಕರಾರು ಇದೆ, ಬೇರೆ ಬಾಡಿಗೆದಾರರಿಗೆ ಇರುವ ಕಾನೂನೇ ನನಗೂ. ಇದೆಲ್ಲ ಗೊತ್ತಿದ್ದೂ ಮೊದಲ ವರ್ಷ ನಾನೂ ನಿಮ್ಮ ಹಾಗೇ ಯೋಚಿಸುತ್ತಿದ್ದೆ. ಅದಕ್ಕೇ ಬಾಯಿ ಬಿಡುತ್ತಿರಲಿಲ್ಲ.

ಮದುವೆಯಿಂದ ಹೊರಗೆ ಬಂದಾಗ ನನ್ನ ಹತ್ತಿರ ಒಂದು ಸೂಟ್‌ಕೇಸ್ ಇತ್ತು. ಏನಾಯಿತು ಅಂತ ಇಲ್ಲಿ ಬರೆಯುವುದಿಲ್ಲ. ಈ ದೇಶದಲ್ಲಿ ಹೆಂಗಸರು ಮನೆ ಕಳೆದುಕೊಳ್ಳಲು ಮುಖ್ಯ ಕಾರಣ ಮನೆಯೊಳಗಿನ ಹಿಂಸೆಯೇ, ಅಷ್ಟು ಸಾಕು. ಸ್ವಲ್ಪ ದಿನ ಆಶ್ರಯ ಕೇಂದ್ರ, ಆಮೇಲೆ ಪರಿಚಯದವರ ಮನೆಯ ನಡುಮನೆ, ಆಮೇಲೆ ಮೋಟೆಲ್ಲು. ಪರಿಚಯದವರ ಮನೆಯಲ್ಲಿ ಬೆಳಿಗ್ಗೆ ಐದಕ್ಕೇ ಎದ್ದು ಹಾಸಿಗೆ ಸುತ್ತಿ, ಅವರು ಏಳುವ ಹೊತ್ತಿಗೆ ನಾನು ಅಲ್ಲಿ ಮಲಗಿಯೇ ಇರಲಿಲ್ಲ ಅನ್ನುವ ಹಾಗೆ ಮಾಡಿಡುತ್ತಿದ್ದೆ. ಹಾಗೆ ಒಂದು ವರ್ಷ ಬದುಕಿದ ಮೇಲೆ ಮನೆ ಸಿಕ್ಕಿತು ಅಂತ ಆ ಅಭ್ಯಾಸ ಮರುದಿನವೇ ಹೋಗುತ್ತದಾ? ಹೋಗುವುದಿಲ್ಲ. ಹದಿನಾಲ್ಕು ತಿಂಗಳು ನಾನು ಸೂಟ್‌ಕೇಸ್ ಖಾಲಿ ಮಾಡಲಿಲ್ಲ. ಬೀರು ಇತ್ತು. ಬಟ್ಟೆ ತೆಗೆಯುವುದು, ಉಟ್ಟು ಒಗೆದು ಮತ್ತೆ ಸೂಟ್‌ಕೇಸಿಗೇ ಹಾಕುವುದು.

ಒಗ್ಗರಣೆ ವಿಷಯ ಹೇಳಬೇಕು. ಎರಡನೇ ವಾರದಲ್ಲಿ ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ ಹಾಕಿ ಸಾರಿಗೆ ಒಗ್ಗರಣೆ ಕೊಟ್ಟೆ. ಕಾರಿಡಾರಿನಲ್ಲಿ ಯಾರೋ ಕೆಮ್ಮಿದರು, ಬಾಗಿಲು ಜೋರಾಗಿ ಹಾಕಿದರು. ಅಷ್ಟೇ ಆಗಿದ್ದು. ಯಾರೂ ಏನೂ ಅನ್ನಲಿಲ್ಲ. ಆದರೆ ನಾನು ಏಳು ತಿಂಗಳು ಒಗ್ಗರಣೆ ಹಾಕಲಿಲ್ಲ. ಬೇಳೆ ಬೇಯಿಸಿ, ಉಪ್ಪು ಹಾಕಿ, ಸುಮ್ನೆ ಹಾಗೇ ಉಣ್ಣುತ್ತಿದ್ದೆ. ಆ ಸಮಯದಲ್ಲೇ ನನಗೂ ಸರ್ವೆ ಬಂತು. "ಮನೆಯಲ್ಲಿ ನಿಮಗೆ ನೆಮ್ಮದಿ ಅನಿಸುತ್ತದಾ?" ತುಂಬಾ ಅನಿಸುತ್ತದೆ ಅಂತ ಹಾಕಿದೆ. ಸುಳ್ಳು ಹೇಳಿದೆ ಅಂತ ನನಗೆ ಆಗ ಅನಿಸಲೂ ಇಲ್ಲ. ಮೋಟೆಲ್ಲಿಗೆ ಹೋಲಿಸಿದರೆ ಅದು ನಿಜವೇ ಆಗಿತ್ತು.

ಸುಮಾ ಅವರೇ, ನೀವು ಭಯ ಅಂದಿರಿ. ಅದಕ್ಕೆ ನಮ್ಮಲ್ಲಿ ಸರಿಯಾದ ಪದ ಇದೆ, ಹಂಗು. ಹಂಗಿನ ಅರಮನೆಗಿಂತ ಗುಡಿಸಲೇ ಲೇಸು ಅನ್ನುತ್ತಾರಲ್ಲ, ಅದರ ಅರ್ಥ ನನಗೆ ಗೊತ್ತಾಗಿದ್ದು ಇಲ್ಲಿ. ಯಾರ ಹಂಗಿನಲ್ಲಿ ಇದ್ದೇವೋ ಅವರ ಮುಂದೆ ನಲ್ಲಿ ಸೋರುತ್ತಿದೆ ಅಂತ ಹೇಳಲು ನಾಲಿಗೆ ಏಳುವುದಿಲ್ಲ. ಸರ್ವೆ ಹಿಡಿದು ಬರುವವರು, ಮನೆ ಕೊಟ್ಟವರು, ಬೇಕಾದರೆ ನೋಟಿಸ್ ಕೊಡುವವರು ಒಂದೇ ಲೋಗೋ ಹಾಕಿಕೊಂಡು ಬಂದರೆ ನಾನು ಏನು ಉತ್ತರ ಕೊಡಲಿ?

ಬದಲಾಗಿದ್ದು ಒಂದು ಮೊಳೆಯಿಂದ. ನನ್ನ ಕಷ್ಟ ಸುಖ ವಿಚಾರಿಸಲು ಬರುವ ಹೊಸ ಕೇಸ್‌ವರ್ಕರ್ ಬಂದಾಗ ಅಮ್ಮನ ಫೋಟೋ ಕಿಟಕಿ ಕಟ್ಟೆಯ ಮೇಲೆ ಗೋಡೆಗೆ ಒರಗಿಸಿಟ್ಟಿದ್ದೆ. ಯಾಕೆ ತೂಗು ಹಾಕಿಲ್ಲ ಅಂದಳು. ಗೋಡೆಗೆ ಮೊಳೆ ಹೊಡೆದರೆ ಡೆಪಾಸಿಟ್, ಇನ್ಸ್‌ಪೆಕ್ಷನ್ ಅಂತೆಲ್ಲ ಏನೋ ಹೇಳಿದೆ. ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ 2021ರ ಮಾರ್ಚ್‌ನಲ್ಲಿ ಕಾನೂನು ಬದಲಾಗಿದೆ, ಬರಿ ಇಟ್ಟಿಗೆಯ ಅಥವಾ ಕಾಂಕ್ರೀಟಿನ ಗೋಡೆ ಅಲ್ಲದಿದ್ದರೆ ಫೋಟೋ ಹುಕ್ ಹಾಕಲು ಮಾಲೀಕರನ್ನು ಕೇಳಬೇಕಾಗಿಯೇ ಇಲ್ಲ ಅಂತ ಅವಳು ಮೊಬೈಲಿನಲ್ಲಿ ತೆಗೆದು ತೋರಿಸಿದಳು. ಮುಂದಿನ ಸಲ ಸುತ್ತಿಗೆ ತಂದಳು. ಅವಳು ಹೊಡೆಯಲಿಲ್ಲ, ನನ್ನ ಕೈಗೆ ಕೊಟ್ಟಳು. ಮೊದಲ ಏಟು ಹೊಡೆಯುವಾಗ ಸದ್ದಿಗೆ ನನ್ನ ಕೈ ನಡುಗಿತು, ಪಕ್ಕದವರು ಬಂದುಬಿಡುತ್ತಾರೇನೋ ಅಂತ. ಯಾರೂ ಬರಲಿಲ್ಲ. ಆ ವಾರ ಸೂಟ್‌ಕೇಸ್ ಖಾಲಿ ಮಾಡಿದೆ. ಅದಾದ ತಿಂಗಳೊಳಗೆ ಎರಡು ದೂರು ಕೊಟ್ಟೆ, ಒಂದು ಹೀಟರ್ ಬಗ್ಗೆ, ಇನ್ನೊಂದು ಕೆಳಗಿನ ಮನೆಯ ಗಲಾಟೆ ಬಗ್ಗೆ. ಆ ವರ್ಷದ ಸರ್ವೆಯಲ್ಲಿ ರಿಪೇರಿಗೆ "ಅತೃಪ್ತಿ" ಅಂತ ಹಾಕಿದೆ. ನನಗೆ ಆ ಮನೆಯಲ್ಲಿ ಅತ್ಯಂತ ಸುಖ ಇದ್ದ ವರ್ಷ ಅದೇ.

---

ಕೋಲಾರದ_ಕೃಷ್ಣ:

ತಪ್ಪಾಯಿತು ಅಕ್ಕ. ಬಾಡಿಗೆ ವಿಷಯ ನನಗೆ ಗೊತ್ತಿರಲಿಲ್ಲ. ಈಗ ಒಗ್ಗರಣೆ ಹಾಕುತ್ತೀರಾ?

---

ಹೆಸರು_ಬೇಡ:

ದಿನಾ ಹಾಕುತ್ತೇನೆ. ಅವತ್ತು ಕೆಮ್ಮಿದ್ದು ಎದುರು ಮನೆಯ ಅಜ್ಜ, ಅವರಿಗೆ ಆಸ್ತಮಾ. ಈಗ ಒಗ್ಗರಣೆಗೆ ಮುಂಚೆ ಎಕ್ಸಾಸ್ಟ್ ಹಾಕಿ ಕಿಟಕಿ ತೆಗೆಯುತ್ತೇನೆ, ಅವರಿಗೂ ಒಂದು ಡಬ್ಬಿ ಸಾರು ಹೋಗುತ್ತದೆ.

---

ಚೆನ್ನೈ_ಮೀರಾ:

ನಾನು ಮೈಸೂರಿನವಳು, ಹತ್ತು ವರ್ಷದಿಂದ ಚೆನ್ನೈಯಲ್ಲಿ ಮಾನಸಿಕ ಆರೋಗ್ಯದ ಕೆಲಸ. ನಮ್ಮ ಕಡೆಯ ಒಂದು ಉದಾಹರಣೆ ಕೊಡುತ್ತೇನೆ, ಆಸ್ಟ್ರೇಲಿಯಾದ ಹಾಗೆ ಕರಾರು, ಬಾಡಿಗೆ ಲೆಕ್ಕ ಇದರಲ್ಲಿ ಇಲ್ಲ, ಆದರೂ ಈ ಮಾತಿಗೆ ಹತ್ತಿರ ಇದೆ.

ಬ್ಯಾನಿಯನ್ ಅಂತ ಸಂಸ್ಥೆ ಇದೆ. ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ 1993ರಲ್ಲಿ ಶುರು ಮಾಡಿದ್ದು. ಮಾನಸಿಕ ಕಾಯಿಲೆಯಿಂದ ಬೀದಿಗೆ ಬಂದ ಹೆಂಗಸರಿಗೆ ಆಸರೆ. ಗುಣವಾದವರಲ್ಲಿ ತುಂಬಾ ಜನ ಊರಿಗೆ ವಾಪಸ್ ಹೋದರು. ಆದರೆ ಕೆಲವರಿಗೆ ಹೋಗಲು ಊರೇ ಇಲ್ಲ, ಅಥವಾ ಊರಿನವರಿಗೆ ಇವರು ಬೇಡ. ಅವರು ಆಸ್ಪತ್ರೆಯ ವಾರ್ಡಿನಲ್ಲೇ ವರ್ಷಗಟ್ಟಲೆ ಉಳಿದರು. ಅಂಥವರಿಗಾಗಿ 2015ರಲ್ಲಿ "ಹೋಮ್ ಅಗೇನ್" ಬಂತು. ಸಾಮಾನ್ಯ ಬೀದಿಯಲ್ಲಿ, ಹಳ್ಳಿಯಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದು ನಾಲ್ಕೈದು ಜನ ಒಟ್ಟಿಗೆ ಇರುವುದು. ಅದೇ ಸುತ್ತಿನ ಹೆಂಗಸರೇ ಜೊತೆಗಿದ್ದು ನೋಡಿಕೊಳ್ಳುತ್ತಾರೆ, ದೊಡ್ಡ ಡಿಗ್ರಿಯವರಲ್ಲ. ಯಾರ ಜೊತೆ ಇರಬೇಕು ಅನ್ನುವುದರಲ್ಲಿ ಅವರ ಮಾತು ನಡೆಯುತ್ತದೆ. ನಾನು ಆ ಸಂಸ್ಥೆಯವಳಲ್ಲ, ಆದರೆ ಇಂಥ ಮನೆಗಳಿಗೆ ಹೋಗಿ ಬಂದಿದ್ದೇನೆ.

ಹತ್ತಿಪ್ಪತ್ತು ವರ್ಷ ವಾರ್ಡಿನಲ್ಲಿ ಇದ್ದವರನ್ನು "ತೃಪ್ತಿ ಇದೆಯಾ" ಅಂತ ಕೇಳಿದರೆ ಬರುವ ಉತ್ತರ ಒಂದೇ, "ಚೆನ್ನಾಗಿದೆ". ಆ ಉತ್ತರ ಅವರು ದಿನಾ ರೌಂಡ್ಸಿಗೆ ಬರುವ ಡಾಕ್ಟರಿಗೆ ಕೊಟ್ಟು ರೂಢಿಯಾದದ್ದು. ಅದಕ್ಕೇ ನಾನು ಬಾಯಿಗಿಂತ ಕೈ ನೋಡುತ್ತೇನೆ. ಅಡುಗೆ ಏನು ಅಂತ ಯಾರು ಹೇಳುತ್ತಾರೆ? ಅಂಗಡಿಗೆ ಯಾರು ಹೋಗುತ್ತಾರೆ, ಚಿಲ್ಲರೆ ಯಾರ ಕೈಯಲ್ಲಿ ಇರುತ್ತದೆ? ಮಧ್ಯಾಹ್ನ ಒಬ್ಬರಿಗೆ ಮಲಗಬೇಕು ಅನಿಸಿದರೆ ಬಾಗಿಲು ಹಾಕಿಕೊಳ್ಳುತ್ತಾರಾ? ಒಂದು ಮನೆಗೆ ಹೋದಾಗ ಇಬ್ಬರು ಟಿವಿ ಸೀರಿಯಲ್ಲಿಗೆ ಜಗಳ ಆಡುತ್ತಿದ್ದರು, ರಿಮೋಟ್ ಒಬ್ಬಳ ಸೊಂಟದಲ್ಲಿ. ಜೊತೆಗೆ ಬಂದಿದ್ದ ಹೊಸ ಹುಡುಗಿ ಗಾಬರಿಯಾದಳು. ನನಗಂತೂ ಖುಷಿಯಾಯಿತು. ವಾರ್ಡಿನಲ್ಲಿ ಅವರು ಯಾವತ್ತೂ ಜಗಳ ಆಡಿರಲಿಲ್ಲ.

---

ಬೆಂಗಳೂರು_ವಾಲಂಟಿಯರ್:

ಚೆನ್ನಾಗಿ ನಡೆಯುತ್ತಿರುವ ಚರ್ಚೆ. ನಮ್ಮಲ್ಲಿ ಮನೆಯ ಮಾತು ಇನ್ನೂ ದೂರ, ರಾತ್ರಿ ತಂಗುವ ಕೇಂದ್ರಗಳ ಹಂತದಲ್ಲೇ ಇದ್ದೇವೆ. ಕೇಂದ್ರದ ನಗರ ಜೀವನೋಪಾಯ ಯೋಜನೆಯ ನಿಯಮದಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನ ಉಳಿಯುವ ಕೇಂದ್ರ, ಒಬ್ಬರಿಗೆ 50 ಚದರ ಅಡಿ ಜಾಗ ಅಂತ ಇತ್ತು. 50 ಚದರ ಅಡಿ ಅಂದರೆ ಒಂದು ಚಾಪೆ ಹಾಸಿ, ಪಕ್ಕದಲ್ಲಿ ಚೀಲ ಇಟ್ಟು, ಸುತ್ತ ಒಂದಿಷ್ಟು ಓಡಾಡುವಷ್ಟು.

ನಾನು ಹೋಗುವ ಕೇಂದ್ರದಲ್ಲಿ ಏನು ಬೇಕು ಅಂತ ಕೇಳಿದಾಗ ಊಟ, ಫ್ಯಾನು ಅಂತ ನಾವು ಅಂದುಕೊಂಡಿದ್ದೆವು. ಜಾಸ್ತಿ ಜನ ಕೇಳಿದ್ದು ಬೀಗ ಹಾಕುವ ಪೆಟ್ಟಿಗೆ. ಆಧಾರ್ ಕಾರ್ಡು, ಕೂಲಿ ದುಡ್ಡು, ಮಗಳ ಮದುವೆ ಫೋಟೋ ಇಡಲು. ಕೀ ಅವರ ಹತ್ತಿರವೇ ಇರಬೇಕು ಅಂತ. ಸುಮಾ ಅವರು ಹೊಸ ಪ್ರಶ್ನೆ ಮಾಡಿದರೆ ನಮಗೂ ಕಳಿಸಿ, ಕನ್ನಡಕ್ಕೆ, ಹಿಂದಿಗೆ ಮಾಡಿಕೊಳ್ಳುತ್ತೇವೆ.

---

ಸಿಡ್ನಿ_ಸುಮಾ:

ಎಲ್ಲರಿಗೂ ಉತ್ತರ ಕೊಡಲು ಮೂರು ವಾರ ಆಯಿತು, ಕ್ಷಮಿಸಿ. ಮಾಡಿ ನೋಡಿ ಬರೆಯೋಣ ಅಂತ ಕಾದೆ.

ಹೆಸರು ಬೇಡ ಅಂದವರೇ, ನಿಮ್ಮ ಉತ್ತರವನ್ನು ಆಫೀಸಿನಲ್ಲಿ ಇಂಗ್ಲಿಷ್‌ನಲ್ಲಿ ಹೇಳಿದೆ, ನಿಮ್ಮ ಗುರುತು ಸಿಗುವ ಯಾವುದೂ ಇಲ್ಲದೆ. ಹಂಗು ಅನ್ನುವ ಪದಕ್ಕೆ ಬಂದಾಗ ನಿಲ್ಲಬೇಕಾಯಿತು. ಋಣ ಅಂದರೆ ತೀರಿಸಬಹುದು, ಹಂಗು ತೀರುವುದಿಲ್ಲ, ಅದನ್ನು ಕೊಟ್ಟವರೇ ಬಿಡಿಸಬೇಕು ಅಂತ ಹೇಗೋ ವಿವರಿಸಿದೆ.

ಮೊದಲು ಆ ಪೈಪು. ಅದು ಪೋಸ್ಟ್ ಹಾಕುವ ಮೊದಲೇ ಸರಿಯಾಗಿತ್ತು, ಪ್ಲಂಬರ್‌ಗೆ ಹಿಡಿದದ್ದು ಇಪ್ಪತ್ತು ನಿಮಿಷ. ಐದು ತಿಂಗಳ ರಾತ್ರಿಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈ ಸಲ ಹನ್ನೆರಡು ಮನೆಗೆ ಫಾರ್ಮ್ ಇಲ್ಲದೆ ಹೋದೆ. "ತೃಪ್ತಿ" ಅನ್ನುವ ಪದವನ್ನೇ ಬಳಸಲಿಲ್ಲ. ಈ ಮನೆಯಲ್ಲಿ ನಿಮ್ಮದಲ್ಲದ ವಸ್ತು ಯಾವುದು ಅಂತ ಕೇಳಿದೆ. ಕೊನೆಯ ಸಲ ಯಾರು ಊಟಕ್ಕೆ ಬಂದಿದ್ದರು ಅಂತ ಕೇಳಿದೆ. ಇವತ್ತು ಒಂದು ವಸ್ತು ಕೆಟ್ಟರೆ ಯಾರಿಗೆ ಫೋನ್ ಮಾಡುತ್ತೀರಿ, ಮಾಡುವ ಮೊದಲು ಎಷ್ಟು ದಿನ ಯೋಚಿಸುತ್ತೀರಿ ಅಂತಲೂ ಕೇಳಿದೆ. ಕೊನೆಯ ಪ್ರಶ್ನೆಗೆ ಬಂದ ಉತ್ತರಗಳನ್ನು ನೋಡಿ ನನಗೇ ನಾಚಿಕೆಯಾಯಿತು. ಒಬ್ಬರು "ಚಳಿಗಾಲ ಮುಗಿಯುವವರೆಗೆ" ಅಂದರು.

ಎರಡನೇ ಪ್ರಶ್ನೆಗೆ ಏಳು ಜನ ಹೇಳಿದ್ದು "ಯಾರೂ ಇಲ್ಲ". ನಮ್ಮ ಸರ್ವೆಯಲ್ಲಿ ಇದರ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಬೀದಿಯಲ್ಲಿ ಇದ್ದಾಗ ಕನಿಷ್ಠ ಜೊತೆಗೆ ಮಲಗುವವರು ಇದ್ದರು, ಈಗ ಗೋಡೆ ನೋಡಿಕೊಂಡು ಕೂರುತ್ತೇನೆ ಅಂದವರಿಗೆ ನಾನು ಏನು ಹೇಳಲಿ? ಇಲ್ಲಿ 2020ರಲ್ಲಿ ಬಂದ ಟುಗೆದರ್ ಹೋಮ್ ಯೋಜನೆಯಲ್ಲಿ ಬೀದಿಯಲ್ಲಿ ಇದ್ದವರಿಗೆ ಮನೆಯ ಜೊತೆ ಎರಡು ವರ್ಷದ ಬೆಂಬಲವೂ ಸೇರಿತ್ತು, ಮನೆಗೆ ಬಂದು ಹೋಗುವ ಕೇಸ್‌ವರ್ಕರ್ ಸಮೇತ. ಅದರಲ್ಲಿ ಬಂದ ಒಬ್ಬರು ಹೇಳಿದ ಮಾತು, ಮನೆಗಿಂತ ಬುಧವಾರ ಬರುತ್ತಿದ್ದ ಆ ಹುಡುಗ ನೆನಪಾಗುತ್ತಾನೆ ಅಂತ.

ಬಸವ ಅವರೇ, ನೀವು ಹೇಳಿದ ಹಾಗೆ ವರ್ಷದ ಪ್ರಕಾರ ಬೇರೆ ಮಾಡಿಸಿದೆ. ನೀವು ಹೇಳಿದ ಹಾಗೇ ಇದೆ, ಹಳಬರದ್ದು ಇಳಿದಿದೆ. ನಮ್ಮ ಮ್ಯಾನೇಜರ್‌ಗೆ 75ರ ಗೆರೆಯ ಚಿಂತೆ, ಜನರಿಗೆ ದೂರು ಹೇಳಿ ಅಂತ ಕಲಿಸಿದರೆ ಮುಂದಿನ ವರ್ಷ ಅಂಕ ಬೀಳುತ್ತದಲ್ಲ ಅಂದರು. ಬೀಳಲಿ, ಯಾಕೆ ಬಿತ್ತು ಅಂತ ನಾನೇ ಬರೆದುಕೊಡುತ್ತೇನೆ ಅಂದಿದ್ದೇನೆ. ಇನ್ನೂ ಒಪ್ಪಿಲ್ಲ. ಆದರೆ ಒಂದಕ್ಕೆ ಒಪ್ಪಿಕೊಂಡರು, ಮುಂದಿನ ಸರ್ವೆಯನ್ನು ನಮ್ಮ ಬ್ಯಾಡ್ಜ್ ಇಲ್ಲದವರು, ಸಾಧ್ಯವಾದರೆ ಹಿಂದೆ ಇಂಥ ಮನೆಯಲ್ಲಿ ಇದ್ದವರೇ ಸಂಬಳಕ್ಕೆ ಮಾಡುವುದು ಅಂತ.

ವಾಲಂಟಿಯರ್ ಅವರೇ, ಪ್ರಶ್ನೆಗಳನ್ನು ಕಳಿಸುತ್ತೇನೆ. ಪೆಟ್ಟಿಗೆಯ ಕೀ ವಿಷಯ ನಾನೂ ಸೇರಿಸಿಕೊಂಡಿದ್ದೇನೆ.

ಬಿಟ್ಟು ಹೋದವರ ಪಟ್ಟಿಯನ್ನೂ ತೆಗೆದೆ, ಕಳೆದ ಎರಡು ವರ್ಷದ್ದು. ಮೊದಲ ಮೂರು ನಂಬರ್ ಸ್ವಿಚ್ ಆಫ್. ನಾಲ್ಕನೆಯವರು ಎತ್ತಿದರು. ನಾನು ಎಲ್ಲಿಂದ ಅಂತ ಹೇಳಿದ ತಕ್ಷಣ "ಬಾಕಿ ಏನಾದರೂ ಇದೆಯಾ" ಅಂದರು. ಇಲ್ಲ, ಯಾಕೆ ಹೋದಿರಿ ಅಂತ ಕೇಳೋಣ ಅಂತ ಮಾಡಿದೆ ಅಂದೆ. ಸ್ವಲ್ಪ ಹೊತ್ತು ಮಾತೇ ಇರಲಿಲ್ಲ, ಆಮೇಲೆ ನಲವತ್ತು ನಿಮಿಷ ಮಾತಾಡಿದರು. ಅವರು ಒಪ್ಪಿದರೆ ಅದನ್ನು ಬೇರೆ ಪೋಸ್ಟಿನಲ್ಲಿ ಬರೆಯುತ್ತೇನೆ.